ಸುರಂಗದ ತಲೆ

“ಪೈಪಿಂದ ಬಾಯಿ ತೆಗಿ, ಬೇವರ್ಸಿ! ಅದು ಹುಲ್ಲಿಗೆ ಬಿಟ್ಟ ನೀರು!”

ಬಾಯಿ ತೆಗೆಯುವಷ್ಟೂ ಪುರುಸೊತ್ತು ಅಕ್ಕುವಿಗೆ ಸಿಗಲಿಲ್ಲ. ಬೆನ್ನಿಗೆ ಒದೆ ಬಿತ್ತು. ಗೋಣಿತುಂಡಿನ ಮೇಲೆ ಮಂಡಿಯೂರಿ ಕಳೆ ಕೀಳುತ್ತಿದ್ದವಳು ಮುಖ ಅಡಿಯಾಗಿ ಬಿದ್ದಳು. ಪೈಪಿನ ಹಿತ್ತಾಳೆ ತುದಿ ಹಲ್ಲಿಗೆ ಬಡಿದು ತುಟಿ ಒಡೆಯಿತು. ಒದ್ದವನು ಶ್ರೀಶ. ಕಡಬದಲ್ಲಿ ರಬ್ಬರ್ ಶೀಟಿನ ವ್ಯಾಪಾರ, ಪುತ್ತೂರಿನಲ್ಲಿ ಎರಡು ಕಟ್ಟಡ, ಈಗ ಕೊಯಿಲದಿಂದಾಚೆ ಬೊಳ್ಳಿಪದವಿನ ನೆತ್ತಿಯನ್ನು ಜೆಸಿಬಿಯಲ್ಲಿ ಕಡಿಸಿ, ಸಮ ಮಾಡಿ, ಮೇಲೊಂದು ಬಂಗಲೆ ಕಟ್ಟಿಸಿದ ಧಣಿ. ಒದ್ದ ಕಾಲನ್ನು ಅವನು ಸೆಗಣಿ ತುಳಿದವರ ಹಾಗೆ ಹುಲ್ಲಿಗೆ ಉಜ್ಜಿಕೊಳ್ಳುತ್ತಿದ್ದ.

“ಬಾಯಾರಿಕೆ ತಡೀಲಿಕ್ಕೆ ಆಗ್ಲಿಲ್ಲ ಧಣಿ. ಕಾಲನಿಯಲ್ಲಿ ನೀರಿಲ್ಲ, ಬೆಳಗ್ಗೆ ಬರಿಬಾಯಲ್ಲಿ ಬಂದದ್ದು.”

“ನಿಮ್ಮ ಕಾಲನಿಯಲ್ಲಿ ನೀರಿಲ್ಲದಿದ್ರೆ ನಾನೆಂತ ಮಾಡುದು? ನೀನು ಬಾಯಿ ಹಾಕಿದ್ದನ್ನು ಇನ್ನು ನನ್ನ ಮನೆಯವರು ಮುಟ್ಟುದು ಹೇಗೆ? ಲತೀಶಾ! ಇದರ ತುದಿ ಕಡಿದು ಬಿಸಾಡು ಮಾರಾಯ.”

ಲತೀಶ್ ತೋಟದ ಕಂತ್ರಾಟುದಾರ. ಉಳ್ಳವರ ಮನೆಯೆದುರು ಹುಲ್ಲು ಹಾಸಿ, ಗಿಡ ನೆಟ್ಟು, ಕತ್ತರಿಸಿ ಚಂದ ಮಾಡಿ ಕೊಡುವುದು ಅವನ ದಂಧೆ. ಅಕ್ಕು ಅವನ ಆಳು. ಅವನು ಕಿಸೆಯಿಂದ ಚೂರಿ ತೆಗೆದು ಪೈಪನ್ನು ಒಂದು ಗೇಣು ಕಡಿದ, ತುಂಡನ್ನು ಕಂಪೌಂಡಿನಾಚೆ ಎಸೆದ. ಅಕ್ಕುವಿನ ಮುಖ ನೋಡಲಿಲ್ಲ.

ಬೇರೆ ದಿನವಾಗಿದ್ದರೆ ಆ ತುಂಡನ್ನು ನೆನೆದು ಅವಳು ವಾರವಿಡೀ ಕುದಿಯುತ್ತಿದ್ದಳು. ಇವತ್ತು ಒದೆಯೂ ಅವಳ ಲೆಕ್ಕಕ್ಕೆ ಬರಲಿಲ್ಲ. ರಕ್ತದ ಜೊತೆ ಬಾಯಲ್ಲಿ ಉಳಿದ ಗುಟುಕು ನೀರನ್ನು ನಾಲಗೆಯ ಮೇಲೆ ಹೊರಳಿಸಿದಳು. ತಣ್ಣಗೆ, ಸ್ವಲ್ಪ ಒಗರು, ಕೊನೆಗೊಂದು ಸಣ್ಣ ಸಿಹಿ. ಬೋರಿನ ನೀರಿಗೆ ತುಕ್ಕಿನ ವಾಸನೆ, ಟ್ಯಾಂಕರಿನ ನೀರಿಗೆ ಪ್ಲಾಸ್ಟಿಕ್ಕಿನ ವಾಸನೆ. ಇದು ಎರಡೂ ಅಲ್ಲ. ಇದು ಅವಳ ಅಪ್ಪನ ನೀರು. ಗುಡ್ಡೆಯ ಬುಡದ ಕಾಲನಿಯ ಹನ್ನೊಂದು ಮನೆಗಳಿಗೆ ಮೂವತ್ತೆಂಟು ವರ್ಷ ಹರಿದು, ಆರು ದಿನದ ಹಿಂದೆ ಒಮ್ಮೆಲೇ ನಿಂತುಹೋದ ಸುರಂಗದ ನೀರು.

ಅವಳು ತಲೆಯೆತ್ತಿ ಹುಲ್ಲಿನ ನಡುವೆ ನಿಂತ ಸಿಮೆಂಟಿನ ಎರಡು ಕೊಕ್ಕರೆಗಳ ಕಡೆ ನೋಡಿದಳು. ಅವುಗಳ ಕಾಲಬುಡದ ಹುಲ್ಲು ಮಾತ್ರ ಹೊಸತು. ಚೌಕ ಚೌಕವಾಗಿ ತಂದು ಜೋಡಿಸಿದ ಗೆರೆ ಇನ್ನೂ ಕೂಡಿರಲಿಲ್ಲ. ಹದಿನೈದು ದಿನದ ಹಿಂದೆ ಅವಳು ಕಡ್ಡಿ ಊರಿ ತೋರಿಸಿದ್ದು ಅದೇ ಜಾಗ.

ಈ ಊರಿನ ಚಂದವೇ ಅದು. ಆಟಿ ತಿಂಗಳ ಮಳೆಯಲ್ಲಿ ಬಟ್ಟೆ ಒಣಗುವುದಿಲ್ಲ, ಬೇಸ ತಿಂಗಳ ಬಿಸಿಲಲ್ಲಿ ಗಂಟಲು ಒದ್ದೆಯಾಗುವುದಿಲ್ಲ. ಸುರಿದದ್ದೆಲ್ಲ ಗುಡ್ಡೆ ಇಳಿದು, ಹೊಳೆ ಸೇರಿ, ಸಮುದ್ರಕ್ಕೆ ಹೋಗುತ್ತದೆ. ತೂತುತೂತಾದ ಕೆಂಪು ಮುರಕಲ್ಲಿನ ಹೊಟ್ಟೆಯೊಳಗೆ ಉಳಿದಷ್ಟೇ ಬಡವರ ಪಾಲು. ಅದನ್ನು ಹೊರಗೆ ತರುವ ವಿದ್ಯೆ ಅಕ್ಕುವಿನ ಅಪ್ಪ ತನಿಯನಿಗೆ ಗೊತ್ತಿತ್ತು. ಬಾವಿಯ ಹಾಗೆ ಕೆಳಗೆ ತೋಡುವುದಲ್ಲ. ಗುಡ್ಡೆಯ ಬುಡದಿಂದ ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಅಗಲಕ್ಕೆ ಅಡ್ಡವಾಗಿ ಕೊರೆಯುತ್ತ, ಕಲ್ಲಿನ ಪಸೆ ಮುಟ್ಟಿ ನೋಡುತ್ತ, ಒರತೆ ಸಿಗುವವರೆಗೆ ಒಳಗೆ ಒಳಗೆ ಹೋಗುವುದು. ಎದುರಿಗೆ ಮೇಣದಬತ್ತಿ ಇಟ್ಟುಕೊಳ್ಳಬೇಕು. ಬತ್ತಿ ನೆಟ್ಟಗೆ ಉರಿದರೆ ಉಸಿರುಂಟು, ಸಣ್ಣಗಾದರೆ ಹಿಂದೆ ಬರಬೇಕು. ಹತ್ತು ವರ್ಷದ ಅಕ್ಕು ಅಡಿಕೆ ಹಾಳೆಯಲ್ಲಿ ಮಣ್ಣು ತುಂಬಿ ಹೊರಗೆ ಎಳೆದು ಹಾಕಿದವಳು. ಹೆಜ್ಜೆಗೊಂದು ಕೋಲಿನ ಲೆಕ್ಕದಲ್ಲಿ ಅರುವತ್ತೆರಡು ಕೋಲು ಉದ್ದ. ನಲವತ್ತನೆಯ ಕೋಲಿನಲ್ಲಿ ಕರಿಬಂಡೆ ಅಡ್ಡ ಬಂದು ಎಡಕ್ಕೆ ತಿರುವು. ಮೂರು ವರ್ಷ ಹಿಡಿಯಿತು. ನೀರು ಸಿಕ್ಕಿದ ದಿನ ತನಿಯ ಒಳಗೇ ಕುಳಿತು ಅತ್ತಿದ್ದ. ಹೊರಗೆ ಬಂದು ಮಗಳಿಗೆ ಹೇಳಿದ್ದು ಒಂದೇ ಮಾತು:

“ಸುರಂಗದ ಬಾಯಿ ಊರಿಗೆಲ್ಲ ತೋರಿಸು ಮಗಾ. ತಲೆ ಎಲ್ಲಿ ಉಂಟು ಅಂತ ದೇವರು ಕೇಳಿದ್ರೂ ಹೇಳ್ಬೇಡ.”

ಹೇಳಿಬಿಟ್ಟಿದ್ದಳು. ದೇವರು ಕೇಳಿದ್ದಲ್ಲ, ಶ್ರೀಶನ ತಾಯಿ ಸತ್ಯವತಿ ಕೇಳಿದ್ದು.

ಗುಡ್ಡೆಯ ನೆತ್ತಿಯ ಈ ಒಣ ಪದವಿನ ಮೇಲೆ ಹುಲ್ಲು ಬೇಡವೆಂದು ಲತೀಶನೇ ಮೊದಲು ಹೇಳಿದ್ದ. “ಅಣ್ಣೆರೆ, ಬಿಳಿಕಲ್ಲು ಹರಡುವ, ಕಳ್ಳಿ, ಕಣಗಿಲೆ ನೆಡುವ. ಬುಡಕ್ಕೆ ತೆಂಗಿನ ಸಿಪ್ಪೆ ಮುಚ್ಚಿದ್ರೆ ವಾರಕ್ಕೊಂದು ನೀರು ಸಾಕು. ಈ ಕಾರ್ಪೆಟ್ ಹುಲ್ಲಿಗೆ ದಿನಕ್ಕೆ ಎರಡು ಸಲ ಬೇಕು.” “ನನ್ನ ಮನೆಯೆದುರು ಮರುಭೂಮಿ ಮಾಡ್ಲಿಕ್ಕೆ ನಿನ್ನನ್ನು ಕರೆದದ್ದಾ?” ಎಂದಿದ್ದ ಶ್ರೀಶ. ಮಗಳು ಗಾನಶ್ರೀಯ ನಿಶ್ಚಿತಾರ್ಥ ಈ ಹುಲ್ಲಿನ ಮೇಲೆಯೇ ಆಗಬೇಕು, ಗಂಡಿನ ಕಡೆಯವರು ಬಾಯಿ ಬಿಟ್ಟು ನೋಡಬೇಕು. ಕಳ್ಳಿಗೆ ಸಿಕ್ಕಿದ್ದು ಕಂಪೌಂಡಿನ ಒಂದು ಮೂಲೆ ಮಾತ್ರ. ನಾಲ್ಕು ಕಡೆ ಬೋರು ಕೊರೆಸಿದರು. ನಾಲ್ಕರಲ್ಲೂ ಧೂಳು ಹಾರಿತು.

ಆಗ ಒಂದು ದಿನ ಸತ್ಯವತಿಯಮ್ಮ ಅಕ್ಕುವನ್ನು ಜಗಲಿಗೆ ಕರೆದರು. ಆ ಮನೆಯಲ್ಲಿ ಆಳುಗಳಿಗೆ ಚಾ ಕೊಡುವುದು ಬಚ್ಚಲ ಹಿಂದಿನ ಕಲ್ಲಿನ ಮೇಲೆ ಕವುಚಿಟ್ಟ ಸ್ಟೀಲು ಲೋಟಗಳಲ್ಲಿ. ಕುಡಿದು ತೊಳೆದು ಅಲ್ಲೇ ಕವುಚಿಡಬೇಕು. ಆ ದಿನ ಮಾತ್ರ ನೀಲಿ ಹೂವಿನ ಪಿಂಗಾಣಿ ಕಪ್ಪಿನಲ್ಲಿ ಬಂತು ಚಾ. “ಕೂತ್ಕೊ ಅಕ್ಕು, ಮೆಟ್ಲಿನ ಮೇಲೆ ಕೂತ್ಕೊ. ನಿನ್ನಪ್ಪ ಭಾರೀ ಜಾಣ ಅಂತೆ ಅಲ್ವಾ? ಆ ಸುರಂಗ ಈ ಗುಡ್ಡೆಯಲ್ಲಿ ಎಲ್ಲಿವರೆಗೆ ಬಂದದ್ದು ಮಾರಾಯ್ತಿ?”

ನಲವತ್ತೆಂಟು ವರ್ಷದಲ್ಲಿ ಅಕ್ಕುವಿನ ಅಪ್ಪನನ್ನು ಯಾರೂ ಜಾಣ ಎಂದಿರಲಿಲ್ಲ. ಕಪ್ಪಿನ ಬಿಸಿ ಕೈಗೆ, ಮಾತಿನ ಬಿಸಿ ತಲೆಗೆ ಏರಿತು. ಅವಳು ಎದ್ದು, ಗುಡ್ಡೆಯ ಅಂಚಿನಿಂದ ಹೆಜ್ಜೆಯಲ್ಲಿ ಕೋಲು ಎಣಿಸುತ್ತ, ಅಪ್ಪ ತಿರುಗಿದಲ್ಲಿ ತಿರುಗಿ, ಅಪ್ಪ ನಿಂತಲ್ಲಿ ನಿಂತು, ಒಂದು ಕ್ರೋಟನ್ ಕಡ್ಡಿ ಊರಿದಳು. “ಇಲ್ಲಿ ಅಮ್ಮಾ. ಇದರ ಅಡಿಯಲ್ಲೇ ತಲೆ. ಯಾವ ಬೇಸದಲ್ಲೂ ಬತ್ತಿದ್ದಿಲ್ಲ.”

ಮರುದಿನವೇ ಲತೀಶ್ ಹೆಣ್ಣಾಳುಗಳನ್ನೆಲ್ಲ ಪುತ್ತೂರಿನ ಯಾವುದೋ ಡಾಕ್ಟರ ಮನೆಯ ಕೈತೋಟದ ಕೆಲಸಕ್ಕೆ ಕಳಿಸಿದ. ಇವತ್ತು ವಾಪಸು ಬಂದರೆ ಹೊಸ ಹುಲ್ಲು, ಕೊಕ್ಕರೆ, ನೀರು. ಅಕ್ಕು ಸೆರಗಿನಿಂದ ತುಟಿ ಒತ್ತಿಕೊಂಡು ಕಳ್ಳಿಯ ಮೂಲೆಗೆ ಹೋದಳು. ಅಲ್ಲಿ ಸಾಲಾಗಿ ಇಟ್ಟ ಸಣ್ಣ ಕುಂಡಗಳ ನಡುವೆ ಆ ನೀಲಿ ಹೂವಿನ ಕಪ್ಪು ಇತ್ತು. ಅವಳು ಕುಡಿದದ್ದನ್ನು ತೊಳೆದು ಒಳಗಿಡಲು ಮನಸ್ಸಾಗಿರಲಿಲ್ಲ, ಬಿಸಾಡಲು ಲೋಭ ಬಿಟ್ಟಿರಲಿಲ್ಲ. ಮಣ್ಣು ತುಂಬಿ ಒಂದು ಕಳ್ಳಿ ನೆಟ್ಟಿದ್ದರು.

*

“ಒಂದು ಕಪ್ಪು ಚಾಯಕ್ಕೆ ಹನ್ನೊಂದು ಮನೆ ಮಾರಿದ್ಯಲ್ಲ ಅತ್ತಿಗೆ!”

ಅಕ್ಕು ನಡೆದದ್ದನ್ನೆಲ್ಲ ಹೇಳಿ ಮುಗಿಸುತ್ತಲೇ ನಾದಿನಿ ಸೀತು ಕೊಡಪಾನವನ್ನು ನೆಲಕ್ಕೆ ಅಪ್ಪಳಿಸಿದಳು. ಸುರಂಗದ ಬಾಯಿಯೆದುರು ಕಾಲನಿಯ ಹೆಂಗಸರೆಲ್ಲ ಕುಕ್ಕರುಗಾಲಲ್ಲಿ ಕುಳಿತಿದ್ದರು. ನೀರು ಬೀಳುವ ಜಾಗದ ಸಿಮೆಂಟು ತೊಟ್ಟಿಯ ತಳ ಒಣಗಿ ಬಿರಿದಿತ್ತು. ಪಂಚಾಯತಿನ ಟ್ಯಾಂಕರು ಮೂರು ದಿನಕ್ಕೊಮ್ಮೆ ಬಂದು ಮನೆಗೆ ನಾಲ್ಕು ಕೊಡ ಹೊಯ್ದು ಹೋಗುತ್ತಿತ್ತು. ಅದರಲ್ಲಿ ಹುಳ. ಎರಡು ಮಕ್ಕಳಿಗೆ ಆಗಲೇ ವಾಂತಿ ಹಿಡಿದಿತ್ತು.

“ಮಾರಿದ್ದು ಹೌದು,” ಎಂದಳು ಅಕ್ಕು. “ಹೊಡೆಯುದಾದ್ರೆ ಹೊಡಿ.”

ಸೀತು ಹೊಡೆದೇಬಿಟ್ಟಳು. ಒಡೆದ ತುಟಿ ಮತ್ತೆ ಒಡೆಯಿತು. ಆಮೇಲೆ ಸೀತುವೇ ಅತ್ತಳು. ಹೊಡೆದ ಕೈಯನ್ನು ಎಲ್ಲಿ ಇಡುವುದೆಂದು ತಿಳಿಯದೆ ಅತ್ತಿಗೆಯ ತಲೆಯ ಮೇಲೆ ಇಟ್ಟಳು.

ಅಕ್ಕುವಿನ ಗಂಡ ಸುಂದರ ರಬ್ಬರ್ ಹಾಲು ತೆಗೆಯುವವನು. ಬಾಯಿ ಸತ್ತ ಮನುಷ್ಯ. ಎಮ್ಮೆ ಅಡ್ಡ ನಿಂತರೂ ಅದಕ್ಕೆ ದಾರಿ ಬಿಟ್ಟು ಹೋಗುವವನು. ಅವನು ಹೆಗಲಿನ ಬೈರಾಸು ತೆಗೆದು ಕೊಡವಿದ. “ಕೇಳಿ ನೋಡುವ. ಧಣಿಯಾದ್ರೂ ಮನುಷ್ಯನೇ ಅಲ್ವಾ? ಮರ್ಯಾದೆಯಲ್ಲಿ ಕೇಳಿದ್ರೆ ಅರ್ಧವಾದ್ರೂ ಬಿಟ್ಟಾನು.”

ಅಂಥ ನಂಬಿಕೆ ಇದ್ದುದರಿಂದಲೇ ಅವನಿಗೆ ಮೊಣಕಾಲು ಹೋಯಿತು.

ಬಂಗಲೆಯ ಅಂಗಳದಲ್ಲಿ ಶ್ರೀಶ ಲತೀಶನ ಜೊತೆ ಚಪ್ಪರದ ಅಳತೆ ಹಾಕಿಸುತ್ತಿದ್ದ. ಸುಂದರ ಬೈರಾಸನ್ನು ಕಂಕುಳಲ್ಲಿ ಇಟ್ಟುಕೊಂಡು ಗೇಟಿನೊಳಗೆ ನಾಲ್ಕು ಹೆಜ್ಜೆ ಬಂದು ನಿಂತ. ಅಕ್ಕು ಅವನ ಹಿಂದೆ.

“ಧಣಿ, ನಾವು ಜಗಳಕ್ಕೆ ಬಂದದ್ದಲ್ಲ. ಹುಲ್ಲಿಗೆ ಹಾಕಿ ಉಳಿದದ್ದನ್ನಾದ್ರೂ ಕೆಳಗೆ ಬಿಡಿ. ಮಕ್ಕಳು ಹುಳದ ನೀರು ಕುಡಿಯುದು.”

“ಗುಡ್ಡೆ ಯಾರದ್ದು?”

“ಈಗ ನಿಮ್ಮದು.”

“ಮತ್ತೆ? ನನ್ನ ಗುಡ್ಡೆಯ ಹೊಟ್ಟೆಯಲ್ಲಿ ಇದ್ದದ್ದು ನಿನ್ನ ಅಪ್ಪನದ್ದಾ? ನಿನ್ನ ಮಾವ ಹೆಗ್ಗಣದ ಹಾಗೆ ಕೊರ್ಕೊಂಡು ಬಂದು ಇಷ್ಟು ವರ್ಷ ಕದ್ದು ಕುಡಿದದ್ದು ಸಾಕು. ಪೊಲೀಸಿಗೆ ಹೇಳದ್ದೇ ನನ್ನ ದೊಡ್ಡತನ.”

“ನನ್ನಪ್ಪ ತೋಡುವಾಗ ಇದು ಕುಮ್ಕಿ ಗುಡ್ಡೆ, ಸರಕಾರದ್ದು, ನಿಮ್ಮದಲ್ಲ!” ಅಕ್ಕು ಮುಂದೆ ಬಂದಳು. “ಕದ್ದದ್ದು ನೀವು. ನನ್ನ ಕೈಗೆ ಕಪ್ಪು ಕೊಟ್ಟು ಕದ್ದದ್ದು!”

ಶ್ರೀಶ ಅವಳ ಕೆನ್ನೆಗೆ ಬಿಗಿದ. ಎರಡನೆಯದಕ್ಕೆ ಕೈಯೆತ್ತಿದಾಗ ಸುಂದರ ಆ ಕೈ ಹಿಡಿದ. ತಿರುಚಲಿಲ್ಲ, ನೂಕಲಿಲ್ಲ, ಸುಮ್ಮನೆ ಹಿಡಿದ. ಶ್ರೀಶ ತನ್ನ ಮಣಿಕಟ್ಟಿನ ಮೇಲಿನ ಆ ರಬ್ಬರ್ ಹಾಲಿನ ಕಪ್ಪು ಕಲೆಯ ಬೆರಳುಗಳನ್ನು ನಂಬಲಾಗದವನಂತೆ ನೋಡಿದ.

“ಮುಟ್ಟಿದ್ಯಾ? ನನ್ನನ್ನು ಮುಟ್ಟಿದ್ಯಾ ಬೋಳಿಮಗನೆ?”

ಚಪ್ಪರಕ್ಕೆಂದು ತಂದ ಕಬ್ಬಿಣದ ಪೈಪುಗಳು ಅಲ್ಲೇ ರಾಶಿ ಬಿದ್ದಿದ್ದವು. ಮೊದಲ ಪೆಟ್ಟು ಹೆಗಲಿಗೆ. ಎರಡನೆಯದು ಪಕ್ಕೆಗೆ. ಸುಂದರ ಮಂಡಿಯೂರಿ ಎರಡೂ ಕೈ ಮುಗಿದ. ಮುಗಿದ ಕೈಯ ಮೇಲೆಯೇ ಮೂರನೆಯದು. ಅವನು ಉರುಳಿ ಬಿದ್ದಾಗ ಶ್ರೀಶ ಪೈಪನ್ನು ಎರಡು ಕೈಯಲ್ಲಿ ಎತ್ತಿ ಬಲ ಮೊಣಕಾಲಿಗೆ ಇಳಿಸಿದ. ಎಲುಬು ಮುರಿದ ಸದ್ದು ಅಕ್ಕುವಿಗೆ ಕೇಳಿಸಿತು. ಅವಳು ಶ್ರೀಶನ ತೋಳಿಗೆ ಜೋತುಬಿದ್ದು ಕಚ್ಚಿದಳು. ಲತೀಶ್ ಅವಳ ಜುಟ್ಟು ಹಿಡಿದು ಎಳೆದ. “ಬಿಡು ಅಕ್ಕು, ಬಿಡು ಮಾರಾಯ್ತಿ, ಕೊಂದೇ ಹಾಕಿಯಾರು,” ಎಂದು ಪಿಸುಗುಟ್ಟುತ್ತಲೇ ಎಳೆದ.

ಸತ್ಯವತಿಯಮ್ಮ ಜಗಲಿಗೆ ಬಂದು ನೋಡಿದರು. “ಶ್ರೀಶಾ, ಸಾಕು. ಶುಭಕಾರ್ಯದ ಮನೆ. ಅಂಗಳದಲ್ಲಿ ರಕ್ತ ಬೀಳಬಾರದು.”

ಮಾತು ಕೇಳುವ ಮಗ. ಪೈಪು ಕೆಳಗಿಟ್ಟ. ನಳ್ಳಿ ತಿರುಗಿಸಿ, ತುದಿ ಕಡಿದ ಆ ಹಳೆಯ ಪೈಪನ್ನು ಅಕ್ಕುವಿನ ಎದೆಗೆ ಎಸೆದ.

“ತೊಳಿ. ನೀರು ಬೇಕು ಅಂದ್ಯಲ್ಲ ರಂಡೆ? ತಕೊ. ಒಂದು ಕಲೆ ಉಳಿದ್ರೂ ಇವನ ಇನ್ನೊಂದು ಕಾಲೂ ಹೋಯ್ತು.”

ಅಪ್ಪ ಮೂರು ವರ್ಷ ಕಲ್ಲು ಕಡಿದು ತಂದ ನೀರಿನಿಂದ ಅಕ್ಕು ಗಂಡನ ರಕ್ತವನ್ನು ತೊಳೆದಳು. ಅಂಗಳದ ಇಂಟರ್‌ಲಾಕ್ ಇಟ್ಟಿಗೆಯ ಸಂದಿನಲ್ಲಿ ಇಳಿದದ್ದನ್ನು ಬೆರಳಿನಿಂದ ಕೆರೆದು ತೆಗೆದಳು. ಸುಂದರ ಅಲ್ಲೇ ಪಕ್ಕದಲ್ಲಿ ನರಳುತ್ತ ಬಿದ್ದಿದ್ದ. ನೀರು ಹುಲ್ಲಿನ ಕಡೆಗೆ ಹರಿದು ಹೋಯಿತು.

ಠಾಣೆಯಲ್ಲಿ ರೈಟರು ಪೆನ್ನಿನ ಮುಚ್ಚಳವನ್ನೇ ತೆಗೆಯಲಿಲ್ಲ. “ಅವರ ಕಂಪೌಂಡಿನ ಒಳಗೆ ನೀವು ಹೋದದ್ದಾ, ನಿಮ್ಮ ಮನೆಗೆ ಅವರು ಬಂದದ್ದಾ? ತೋಳು ಕಚ್ಚಿದ್ದು ಯಾರು? ಗುರುತು ಉಂಟಂತೆ, ಫೋಟೋ ಕಳಿಸಿದ್ದಾರೆ. ಕೇಸು ಬೇಕಾದ್ರೆ ಎರಡೂ ಕಡೆಯದ್ದು ಬರೀತೇನೆ. ಆಸ್ಪತ್ರೆಯಲ್ಲಿ ಒಬ್ಬ, ಜೈಲಲ್ಲಿ ಒಬ್ಬಳು. ಆಗ್ಬಹುದಾ?”

ಬಾಗಿಲಲ್ಲಿ ಕಾಯುತ್ತಿದ್ದ ಲತೀಶ್ ಅವಳ ಹಿಂದೆಯೇ ರಸ್ತೆಗೆ ಬಂದ. “ಅಕ್ಕು, ಆದಿತ್ಯವಾರ ನಿಶ್ಚಿತಾರ್ಥ. ಅದೊಂದು ಮುಗೀಲಿ. ಮಳೆ ಬರುವವರೆಗೆ ದಿನಾ ಒಂದು ಟ್ಯಾಂಕರು ಕೊಡಿಸ್ತಾರಂತೆ. ಸುರಂಗ ತಾನಾಗಿಯೇ ಬತ್ತಿದ್ದು ಅಂತ ಕಾಲನಿಯವರು ಒಂದು ಸಹಿ ಹಾಕಿದ್ರೆ ಸಾಕು.”

“ಗುಂಡಿ ಎಷ್ಟು ಆಳ ತೆಗೆದದ್ದು ಲತೀಶಣ್ಣ?”

ಅವನು ಚಪ್ಪಲಿ ನೋಡುತ್ತ ಹೇಳಿದ. “ಮೇಲಿಂದ ತೋಡಿ, ಸುರಂಗದ ನೆಲದಿಂದ ಆರಡಿ ಕೆಳಗೆ. ನೀರೆಲ್ಲ ಅದರಲ್ಲೇ ನಿಲ್ತದೆ. ಒಳಗೆ ಮೋಟಾರು, ಮೇಲೆ ಚಪ್ಪಡಿ, ಅದರ ಮೇಲೆ ಹುಲ್ಲು. ಮಣ್ಣು ಜಾರದ ಹಾಗೆ ಸಿಮೆಂಟಿನ ರಿಂಗ್ ಇಳಿಸ್ಲಿಕ್ಕೆ ಪುರುಸೊತ್ತು ಇರ್ಲಿಲ್ಲ. ಯಾಕೆ?”

“ಎಂತ ಇಲ್ಲ,” ಎಂದಳು ಅಕ್ಕು.

*

ಆದಿತ್ಯವಾರ ಬೆಳಕು ಹರಿಯುವ ಹೊತ್ತಿಗೆ ಅಕ್ಕು ಅಪ್ಪನ ಪಿಕ್ಕಾಸು ಹಿಡಿದು ಸುರಂಗದ ಬಾಯಲ್ಲಿ ನಿಂತಿದ್ದಳು. ಹಿಂದೆ ಸೀತು, ಕೈಯಲ್ಲಿ ಅಡಿಕೆ ಹಾಳೆ, ಸೊಂಟದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬೆಂಕಿಪೆಟ್ಟಿಗೆ.

“ಮೋಟಾರು ಒಡೆಯುದಾ ಅತ್ತಿಗೆ?”

“ಒಡೆದ್ರೆ ಹೊಸತು ತರ್ತಾರೆ. ಗುಂಡಿ ಮುಚ್ಚಬೇಕು. ಸುರಂಗದ ನೆಲದ ಮಟ್ಟಕ್ಕೆ ತುಂಬಿಸಿದ್ರೆ ನೀರು ನಿಲ್ಲಲಿಕ್ಕೆ ಜಾಗ ಇಲ್ಲ. ಮತ್ತೆ ಅದು ಬರುದು ಎಲ್ಲಿಗೆ?”

ಸೀತು ಒಣಗಿದ ತೊಟ್ಟಿಯ ಕಡೆ ನೋಡಿ ತಲೆಯಾಡಿಸಿದಳು.

ಹೊಕ್ಕರು. ಬಾವಲಿಗಳು ಮುಖ ಸವರಿ ಹಾರಿದವು. ಮೂವತ್ತೆಂಟು ವರ್ಷ ಒದ್ದೆಯಾಗಿದ್ದ ನೆಲ ಒಣಗಿ ಕಾಲಡಿಯಲ್ಲಿ ಚೂರುಚೂರಾಗುತ್ತಿತ್ತು. ನಲವತ್ತನೆಯ ಕೋಲಿನ ತಿರುವಿನಲ್ಲಿ ಅಕ್ಕು ಕರಿಬಂಡೆಯನ್ನು ಕೈಯಿಂದ ಮುಟ್ಟಿದಳು. ಸಣ್ಣವಳಿದ್ದಾಗ ಈ ತಿರುವಿನಾಚೆ ಒಬ್ಬಳೇ ಬರಲು ಹೆದರುತ್ತಿದ್ದಳು. ಈಗ ಹೆದರಿಕೆ ಇರಲಿಲ್ಲ, ನಾಚಿಕೆ ಇತ್ತು. ಅಪ್ಪನ ಮುಖ ನೋಡಬೇಕಾದವಳ ನಾಚಿಕೆ.

ತುದಿಯಲ್ಲಿ ಗುಂಡಿ. ಮೇಣದಬತ್ತಿಯ ಬೆಳಕಿನಲ್ಲಿ ನೀರು ಕಪ್ಪಗೆ ಕಂಡಿತು. ಆಚೆ ಗೋಡೆಯಲ್ಲಿ ಅಪ್ಪನ ಒರತೆ ಸಣ್ಣಗೆ ಸದ್ದು ಮಾಡುತ್ತ ಸುರಂಗಕ್ಕೆ ಬರಬೇಕಾದದ್ದು ಗುಂಡಿಗೆ ಬೀಳುತ್ತಿತ್ತು. ತಲೆಯ ಮೇಲೆ ಹತ್ತಡಿ ಮಣ್ಣುಕಲ್ಲು, ಚಪ್ಪಡಿ, ಹುಲ್ಲು. ಅದಕ್ಕೂ ಮೇಲೆ ಕುರ್ಚಿ ಎಳೆಯುವ ಸದ್ದು, ಮೈಕಿನವನು “ಹಲೋ, ಹಲೋ” ಅನ್ನುವುದು.

ಈಚೆ ಗೋಡೆಯಲ್ಲಿ ತಗ್ಗಾಗಿ ಅಪ್ಪ ಕೆತ್ತಿದ ದೀಪದ ಗೂಡಿನಲ್ಲಿ ಬತ್ತಿ ಇಟ್ಟು ಅಕ್ಕು ಪಿಕ್ಕಾಸು ಬೀಸಿದಳು. ಗುಂಡಿಯ ಅಂಚಿನ ಎರಡೂ ಗೋಡೆಗಳನ್ನು ಅಗೆದು, ಉದುರಿದ ಮುರಕಲ್ಲನ್ನು ಗುಂಡಿಗೆ ದೂಡುವುದು. ಸೀತು ಹಾಳೆಯಲ್ಲಿ ತುಂಬಿ ತುಂಬಿ ಸುರಿದಳು. ಮೋಟಾರಿನ ಮೇಲೆ ಮೊದಲ ಕಲ್ಲು ಬಿದ್ದಾಗ ಟಣ್ ಎಂದಿತು, ಆಮೇಲೆ ಅದೂ ನಿಂತಿತು. ಮೇಲೆ ನಾದಸ್ವರ ಶುರುವಾಯಿತು. ಪಿಕ್ಕಾಸಿನ ಸದ್ದು ಯಾರಿಗೂ ಕೇಳುವಂತಿರಲಿಲ್ಲ. ಒಂದು ಗಂಟೆ, ಎರಡು, ನಾಲ್ಕು. ಅಂಗೈಯ ಗುಳ್ಳೆ ಒಡೆದು ಹಿಡಿ ಜಾರತೊಡಗಿತು. ಸೀತು ಕುಸಿದು ಕುಳಿತಳು. ಕೋಲು ಇಳಿಸಿ ನೋಡಿದರೆ ಅರ್ಧ ಕೂಡ ತುಂಬಿರಲಿಲ್ಲ.

ಆಗ ತಲೆಯ ಮೇಲೆ ಟಪ್ಪೆಂದು ಒಂದು ಹಿಡಿ ಮಣ್ಣು ಉದುರಿತು. ಅಕ್ಕು ಬತ್ತಿ ಎತ್ತಿ ನೋಡಿದಳು. ಎರಡೂ ಗೋಡೆ ತೆಳುವಾಗಿ, ತಲೆಯ ಮೇಲಿನ ಮಾಡಿನಲ್ಲಿ ಬೆರಳಗಲದ ಬಿರುಕು ಓಡಿತ್ತು.

“ಸೀತು, ನೀನು ಕೆಳಗೆ ಹೋಗು.”

“ನೀನು?”

“ನಾನು ಬರ್ತೇನೆ. ತೊಟ್ಟಿಯ ಕಸ ತೆಗೆದಿಡು. ಹೋಗು ಅಂದೆ ಅಲ್ವಾ, ಹೋಗು!”

ಸೀತು ಬೆಂಕಿಪೆಟ್ಟಿಗೆಯನ್ನು ಗೂಡಿನಲ್ಲಿಟ್ಟು ಹೊರಟಳು. ಅವಳ ಹೆಜ್ಜೆ ತಿರುವು ದಾಟುವವರೆಗೆ ಕಾದು, ಬತ್ತಿಯನ್ನು ಮತ್ತೆ ಗೂಡಿನಲ್ಲಿಟ್ಟು, ಅಕ್ಕು ಬಿರುಕಿನ ಬುಡಕ್ಕೆ ಇನ್ನೆರಡು ಪೆಟ್ಟು ಹಾಕಿದಳು. ಮೂರನೆಯದಕ್ಕೆ ಗುಡ್ಡೆ ನರಳಿತು. ಅವಳು ಹಿಂದಕ್ಕೆ ಹಾರಿಬಿದ್ದಳು. ಮಾಡು ಕುಸಿಯಿತು, ಚಪ್ಪಡಿ ಎರಡು ತುಂಡಾಗಿ ಗುಂಡಿಯೊಳಗೆ ಬಿತ್ತು, ಅದರ ಹಿಂದೆಯೇ ಹುಲ್ಲಿನ ಚೌಕಗಳು, ಒಂದು ಕೊಕ್ಕರೆ, ಕೆಂಪು ಬಟ್ಟೆ ಸುತ್ತಿದ ಎರಡು ಕುರ್ಚಿ. ಬತ್ತಿ ಆರಿಹೋಯಿತು. ಧೂಳು ಇಳಿದಾಗ ಬಿಸಿಲು ನೆಟ್ಟಗೆ ಸುರಂಗಕ್ಕೆ ಬಿದ್ದಿತ್ತು.

ಆ ಬಿಸಿಲಿನಲ್ಲಿ ಅಕ್ಕು ಮೊದಲ ಸಲ ಅಪ್ಪನ ಕೆಲಸ ಕಂಡಳು. ಗೋಡೆಯ ತುಂಬ ಪಿಕ್ಕಾಸಿನ ಗುರುತು, ಒಂದರ ಪಕ್ಕ ಒಂದು, ನೆಲದಿಂದ ಮಾಡಿನವರೆಗೆ, ಒಂದೇ ಓರೆಯಲ್ಲಿ. ಇದಕ್ಕೆ ಹೆಗ್ಗಣ ಕೊರೆದದ್ದು ಅಂದಿದ್ದರು. ಅವಳಿಗೆ ಅಳು ಉಕ್ಕಿ ಬಂತು.

ಮೇಲೆ ಕಿರುಚಾಟ. ತೂತಿನ ಅಂಚಿನಲ್ಲಿ ಒಂದೊಂದೇ ತಲೆ ಇಣುಕಿತು. ರೇಷ್ಮೆ ಪಂಚೆಯ ಶ್ರೀಶ ಹೊಟ್ಟೆಯ ಮೇಲೆ ಮಲಗಿ ಕೆಳಗೆ ನೋಡಿದ. ಅವನ ಹೊಸ ಹುಲ್ಲಿನ ಅಡಿಯಿಂದ ಕೆಮ್ಮಣ್ಣು ಮೆತ್ತಿದ ಅಕ್ಕುವಿನ ಮುಖ ಅವನನ್ನು ನೋಡುತ್ತಿತ್ತು. ಅವಳು ಬಗ್ಗಿ, ಎರಡೂ ಅಂಗೈಯಲ್ಲಿ ಒರತೆಯ ನೀರು ಹಿಡಿದು, ಅವನು ನೋಡುತ್ತಿದ್ದಂತೆಯೇ ಗುಟುಕು ಗುಟುಕಾಗಿ ಕುಡಿದಳು.

“ನೀನಾ! ಬೇವರ್ಸಿ ರಂಡೆ, ನೀನಾ!”

ಬದಿಗೆ ಜೋಡಿಸಿಟ್ಟ ಬಿಳಿಕಲ್ಲು ಒಂದು ಅವಳ ಹೆಗಲಿಗೆ ಬಿತ್ತು. ಇನ್ನೊಂದು ಹಣೆಗೆ. ರಕ್ತ ಕಣ್ಣಿಗೆ ಇಳಿಯಿತು. ಅವಳು ಹಿಂದೆ ಸರಿಯಲಿಲ್ಲ. ಗುಂಡಿ ತುಂಬಲು ಇನ್ನೂ ಎರಡಡಿ ಬಾಕಿ ಇತ್ತು. ತನ್ನಿಂದ ಇನ್ನು ಆಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ವಾಹನ ನಿಲ್ಲಿಸುವ ಜಾಗ ಸಮ ಮಾಡಿದ ಜೆಸಿಬಿ ಗೇಟಿನ ಹತ್ತಿರವೇ, ಕೆಂಪು ಮಣ್ಣಿನ ರಾಶಿಯ ಪಕ್ಕ ನಿಂತಿರುವುದೂ ಗೊತ್ತಿತ್ತು.

“ಕಲ್ಲು ಎಂತಕ್ಕೆ ಧಣಿ? ಮಣ್ಣು ಹಾಕಿ!” ಅಕ್ಕು ಗಂಟಲು ಬಿರಿಯುವಂತೆ ಕೂಗಿದಳು. “ನಿಮ್ಮ ಸಂಬಂಧಿಕರೆಲ್ಲ ಕೇಳಲಿ! ಇವನು ನೀರು ಕಳ್ಳ! ಒಬ್ಬ ಕೈ ಮುಗಿದವನ ಕಾಲು ಮುರಿದವ! ಹೆಣ್ಣು ಕೊಂಡುಹೋಗುವವರೇ, ಈ ಮನೆಯ ಚಾ ಕುಡಿಬೇಡಿ, ನಾಳೆ ನೀವು ಬಾಯಿ ಹಾಕಿದ್ದನ್ನೂ ಕಡಿದು ಬಿಸಾಡ್ತಾರೆ! ಬಾಯಿ ಮುಚ್ಚಿಸು, ಗಂಡಸಾದ್ರೆ ನನ್ನ ಬಾಯಿ ಮುಚ್ಚಿಸು!”

“ಲತೀಶಾ! ಜೆಸಿಬಿ ತೆಗೆಸು! ಮುಚ್ಚಿಸು ಇದನ್ನು!”

“ಅಣ್ಣೆರೆ, ಒಳಗೆ ಹೆಂಗಸು ಉಂಟು.”

“ಹೆಂಗಸಲ್ಲ, ಹೆಗ್ಗಣ. ಹಾಕಿಸು ಅಂದೆ!”

ಲತೀಶ್ ಇನ್ನೇನೋ ಹೇಳಿದ, ಕೆನ್ನೆಗೆ ಬಿದ್ದ ಸದ್ದು ಕೇಳಿಸಿತು, ಇಂಜಿನು ಗುಡುಗಿತು. ಅದರ ನಡುವೆಯೇ ಸತ್ಯವತಿಯಮ್ಮನ ಸ್ವರ, ಒಂದಿಷ್ಟೂ ಏರದ ಸ್ವರ: “ಏನಿಲ್ಲ, ಏನಿಲ್ಲ, ಬೋರಿನ ಗುಂಡಿ ಜಾರಿದ್ದು. ಊಟಕ್ಕೆ ಏಳಿ ಎಲ್ಲರೂ. ಎಲೆ ಹಾಕಿ ಆಗಿದೆ.” ಒಂದೊಂದೇ ತಲೆ ಅಂಚಿನಿಂದ ಹಿಂದೆ ಸರಿಯಿತು.

ಮೊದಲ ಬಕೆಟ್ಟು ಮಣ್ಣು ಬಂತು. ಅಕ್ಕು ಎರಡು ಹೆಜ್ಜೆ ಹಿಂದೆ ಸರಿದಳು. ಗುಂಡಿಯ ನೀರು ಉಕ್ಕಿ ಅಂಚಿಗೆ ಬಂತು. “ಇನ್ನೂ ಹಾಕು!” ಎಂದು ಕೂಗಿದಳು. ಎರಡನೆಯ ಬಕೆಟ್ಟಿನಲ್ಲಿ ಮಣ್ಣಿನ ಜೊತೆ ಮುರಕಲ್ಲಿನ ದೊಡ್ಡ ತುಂಡುಗಳಿದ್ದವು. ಒಂದು ಪುಟಿದು ಬಂದು ಅವಳನ್ನು ಕೆಡವಿ ಎಡಗಾಲಿನ ಮೇಲೆ ಕುಳಿತಿತು. ಬೆಳಕು ಹೋಯಿತು. ಆ ಕತ್ತಲೆಯಲ್ಲಿ, ನೋವಿನಿಂದ ಹಲ್ಲು ಕಚ್ಚಿಕೊಂಡಿದ್ದಾಗಲೇ, ಅವಳ ಸೊಂಟದ ಅಡಿಯಲ್ಲಿ ತಣ್ಣಗೆ ಏನೋ ಸರಿಯಿತು. ನೀರು. ಗುಂಡಿ ತುಂಬಿ, ಅಂಚು ದಾಟಿ, ಸುರಂಗದ ನೆಲ ಹಿಡಿದು, ಅವಳನ್ನು ಬಳಸಿ ಕೆಳಗೆ ಹೊರಟಿತ್ತು. ಅವಳು ನಕ್ಕಳು. ಗುಂಡಿಯನ್ನು ಶ್ರೀಶನೇ ಕೈಯಾರೆ ತುಂಬಿಸಿಕೊಟ್ಟಿದ್ದ.

ಎಷ್ಟು ಹೊತ್ತಾಯಿತೋ. ದೂರದಲ್ಲಿ, ಅರುವತ್ತು ಕೋಲಿನಾಚೆ, ಒಮ್ಮೆಲೇ ಹೆಂಗಸರ ಬೊಬ್ಬೆ ಎದ್ದಿತು. ಕೊಡಪಾನಗಳು ಒಂದಕ್ಕೊಂದು ಬಡಿದವು.

“ಅತ್ತಿಗೇ! ಬಂತು! ನೀರು ಬಂತು!”

“ಕೆಂಪು ಹೋಗುವವರೆಗೆ ಕುಡಿಬೇಡಿ!” ಅಕ್ಕು ಕೂಗಿದಳು. “ಮಕ್ಕಳಿಗೆ ಕೊಡ್ಲೇಬೇಡಿ. ತಿಳಿ ಆಗುವವರೆಗೆ ಬಿಡಿ!”

“ಆಯ್ತು! ನೀನು ಬಾ!”

ಅಕ್ಕು ಸೀತು ಬಿಟ್ಟುಹೋದ ಬೆಂಕಿಪೆಟ್ಟಿಗೆಯನ್ನು ಕತ್ತಲಲ್ಲಿ ತಡವಿ ಹುಡುಕಿದಳು, ಅಪ್ಪನ ಗೂಡಿಗೆ ಕೈ ನೀಡಿ ಬತ್ತಿ ಹಚ್ಚಿದಳು. ಜ್ವಾಲೆ ಒಮ್ಮೆ ಕುಗ್ಗಿತು. ಅವಳು ಉಸಿರು ಹಿಡಿದು ನೋಡಿದಳು. ಮತ್ತೆ ಸ್ವಲ್ಪ ಎದ್ದಿತು, ನೆಟ್ಟಗಲ್ಲ, ಆದರೂ ಉರಿಯುತ್ತಿತ್ತು. ಕಾಲು ಎಳೆದಳು, ಬರಲಿಲ್ಲ. ಮೇಲೆ ಜೆಸಿಬಿ ಮೂರನೆಯ ಬಕೆಟ್ಟಿಗೆ ಹಿಂದಕ್ಕೆ ಹೋಗುವ ಸದ್ದು. ಅಕ್ಕು ನೀರಿನೊಳಗೆ ಕೈ ಹಾಕಿ ಪಿಕ್ಕಾಸಿನ ಹಿಡಿ ಹುಡುಕಿ ತೆಗೆದಳು, ಮಲಗಿದಲ್ಲಿಂದಲೇ ಓರೆಯಾಗಿ ಎತ್ತಿ, ಕಾಲ ಮೇಲಿನ ಕಲ್ಲಿಗೆ ಮೊದಲ ಪೆಟ್ಟು ಹಾಕಿದಳು.